ಕಡಿಮೆ ಯಾಕೆ ಅಂತ ಒಮ್ಮೆ ಕೇಳಿ

ಜೂನ್ ಬಂತೆಂದರೆ ನಮ್ಮ ಗುರುವಾಯನಕೆರೆ ಸುತ್ತಮುತ್ತಲಿನ ಮನೆಗಳಲ್ಲಿ ಒಂದೇ ಲೆಕ್ಕಾಚಾರ. ಫೀಸು, ಪುಸ್ತಕ, ಕೊಡೆ, ಅದರ ಮೇಲೆ ಮಕ್ಕಳಿಗೊಂದು ಜೊತೆ ಶೂ. ಅದೂ ಕಂಪನಿಯದ್ದೇ ಆಗಬೇಕು.

ಕಳೆದ ವರ್ಷ ನಮ್ಮ ನೆರೆಮನೆಯ ಅಕ್ಕ ಬೀಡಿ ಕಟ್ಟಿ ಉಳಿಸಿದ ದುಡ್ಡು ಹಿಡಿದುಕೊಂಡು, ಮಗನ ಜೊತೆ ಬಸ್ಸು ಹತ್ತಿ ದೊಡ್ಡ ಪೇಟೆಯ ಫ್ಯಾಕ್ಟರಿ ಔಟ್‌ಲೆಟ್ ಒಂದಕ್ಕೆ ಹೋದರು. ಹೊರಗೆ '70 ಪರ್ಸೆಂಟ್ ತನಕ ರಿಯಾಯಿತಿ' ಅಂತ ಬೋರ್ಡು. ಶೂ ಡಬ್ಬಿಯ ಮೇಲೆ 3,999 ರೂಪಾಯಿ, ಇವರು ಕೊಟ್ಟದ್ದು 1,600. ಮನೆಗೆ ಬಂದವರೇ, "2,400 ಉಳಿಯಿತು ಮಾರಾಯ್ರೇ" ಅಂದರು.

ಇಪ್ಪತ್ತು ದಿನದ ಮಳೆಗೆ ಶೂವಿನ ಅಡಿ ಬಿಟ್ಟಿತು. ವಾಪಸ್ ತೆಗೆದುಕೊಂಡು ಹೋದರೆ ಅಂಗಡಿಯವರು ಬಿಲ್ಲಿನ ಕೆಳಗಿನ ಸಣ್ಣ ಅಕ್ಷರ ತೋರಿಸಿದರು: ಬದಲಿ ಇಲ್ಲ, ಹಣ ವಾಪಸ್ ಇಲ್ಲ. 1,600 ರೂಪಾಯಿ ಅಂದರೆ ಎಷ್ಟು ಸಾವಿರ ಬೀಡಿ ಅಂತ ಆ ಅಕ್ಕನಿಗೆ ಬಾಯಲ್ಲೇ ಲೆಕ್ಕ ಉಂಟು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಕಾರ್ಖಾನೆಯಿಂದ ನೇರವಾಗಿ ಕಡಿಮೆಗೆ ಕೊಳ್ಳುವುದು ನಮ್ಮ ಊರಿಗೆ ಹೊಸತೇನಲ್ಲ. ಗೇರುಬೀಜವನ್ನೇ ನೋಡಿ. ಇಡೀ ಬೀಜಕ್ಕೆ 180, 240, 320 ಅಂತ ನಂಬರು ಇರುತ್ತದೆ. ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, ಹೆಚ್ಚುಕಡಿಮೆ ಅಷ್ಟು ಬೀಜ ಹಿಡಿಯುತ್ತದೆ ಅಂತ ಅರ್ಥ. ನಂಬರು ಸಣ್ಣದಾದಷ್ಟು ಬೀಜ ದೊಡ್ಡದು, ರೇಟೂ ಜಾಸ್ತಿ. ಎರಡಾಗಿ ಸೀಳಿದ್ದಕ್ಕೆ ಕಡಿಮೆ, ತುಂಡಿಗೆ ಇನ್ನೂ ಕಡಿಮೆ. ಪಾಯಸಕ್ಕೆ ತುಂಡು ಸಾಕು ಅಂತ ನಾವು ಗೊತ್ತಿದ್ದೇ ತರುತ್ತೇವೆ. ಹಂಚಿನದ್ದೂ ಹಾಗೆಯೇ. ಮನೆಗೆ ಒಳ್ಳೆಯ ಹಂಚು, ಹಟ್ಟಿಗೆ ಸೆಕೆಂಡ್ಸ್. ಯಾಕೆ ಕಡಿಮೆ ಅಂತ ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು.

ಬ್ರಾಂಡ್ ಬಟ್ಟೆ, ಶೂಗಳ ಔಟ್‌ಲೆಟ್‌ನಲ್ಲಿ ಈ ಒಂದು ವಿಷಯವೇ ಮುಚ್ಚಿಹೋಗುತ್ತದೆ. ಎಷ್ಟು ಕಡಿಮೆ ಅಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ, ಯಾಕೆ ಕಡಿಮೆ ಅಂತ ಎಲ್ಲಿಯೂ ಬರೆಯುವುದಿಲ್ಲ.

ಕಾರಣ ಸಾಮಾನ್ಯವಾಗಿ ಮೂರು. ಒಂದು, ಹಳೆಯ ಸೀಸನ್ ಮಾಲು, ಸೈಜು ಬಿಟ್ಟುಹೋದದ್ದು. ಇದರಲ್ಲಿ ಮೋಸವಿಲ್ಲ, ಸೈಜು ಸಿಕ್ಕಿದರೆ ಲಾಭವೇ. ಎರಡು, ರಫ್ತಿಗೆ ಹೊಲಿದು ಮಿಕ್ಕಿದ್ದು ಅಥವಾ ಸಣ್ಣ ದೋಷಕ್ಕೆ ತಳ್ಳಿದ್ದು. ಬೆಂಗಳೂರಿನಲ್ಲಿ ಗಾರ್ಮೆಂಟ್ ಕಾರ್ಖಾನೆಗಳು ಬಹಳ. ಅಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಮಾರತ್ತಹಳ್ಳಿಯ ಔಟ್‌ಲೆಟ್‌ಗಳಿಂದ ಊರಿಗೆ ಬ್ಯಾಗು ತುಂಬಿಸಿಕೊಂಡು ಬರುವುದು ನಿಮಗೂ ಗೊತ್ತು. ಮೂರನೆಯದ್ದು, ಔಟ್‌ಲೆಟ್‌ನಲ್ಲಿ ಮಾರುವುದಕ್ಕೆಂದೇ ತಯಾರಿಸಿದ ಮಾಲು. ಹೆಸರು ಅದೇ ಇರುತ್ತದೆ, ಆದರೆ ಬಟ್ಟೆ ತೆಳುವಾಗಿರಬಹುದು, ಹೊಲಿಗೆ, ಅಂಟು ಬೇರೆ ಇರಬಹುದು. ಇದು ಯಾವ ದೊಡ್ಡ ಶೋರೂಮಿನಲ್ಲೂ 3,999ಕ್ಕೆ ಮಾರಾಟಕ್ಕೆ ಇದ್ದದ್ದೇ ಅಲ್ಲ. ಹಾಗಾದರೆ ಕಡಿತ ಯಾವುದರ ಮೇಲೆ?

ಇದು ನಮ್ಮ ಅನುಮಾನ ಮಾತ್ರವಲ್ಲ. ಅಮೆರಿಕದಲ್ಲಿ 2014ರಲ್ಲಿ ನಾಲ್ವರು ಸಂಸದರು ಇದೇ ಪ್ರಶ್ನೆ ಎತ್ತಿ, ತನಿಖೆ ಮಾಡಿ ಅಂತ ಅಲ್ಲಿನ ವ್ಯಾಪಾರ ಆಯೋಗಕ್ಕೆ ಪತ್ರ ಬರೆದಿದ್ದರು.

ಡಬ್ಬಿಯ ಮೇಲಿನ ಎಂಆರ್‌ಪಿ ಅಂದರೆ ಇದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ ಮಾತ್ರ. ವಸ್ತುವಿನ ಬೆಲೆ ನಿಜಕ್ಕೂ ಅಷ್ಟು ಅಂತಲ್ಲ. ಅದನ್ನು ಹಾಕುವುದು ಕಂಪನಿಯವರೇ. ಬಟ್ಟೆಗೆ, ಶೂವಿಗೆ ಎಷ್ಟು ಎಂಆರ್‌ಪಿ ಹಾಕಬೇಕು ಅಂತ ಸರ್ಕಾರ ಮಿತಿ ಇಟ್ಟಿಲ್ಲ. 1,600ಕ್ಕೆ ಮಾರಬೇಕಾದ್ದಕ್ಕೆ 3,999 ಅಂತ ಅಚ್ಚು ಹಾಕಿದರೆ ರಿಯಾಯಿತಿ ತನ್ನಿಂದ ತಾನೇ ಹುಟ್ಟುತ್ತದೆ.

ಲೆಕ್ಕದಲ್ಲಿಯೂ ಎಚ್ಚರ ಬೇಕು. '50 ಪರ್ಸೆಂಟ್, ಮೇಲೆ ಮತ್ತೆ 20 ಪರ್ಸೆಂಟ್' ಅಂದರೆ 70 ಆಗುವುದಿಲ್ಲ. 2,000ದ ಅಂಗಿ ಮೊದಲು 1,000 ಆಗುತ್ತದೆ, ಮತ್ತೆ ಆ 1,000ದಲ್ಲಿ 200 ಕಡಿಮೆಯಾಗಿ 800. ಒಟ್ಟು ಕಡಿತ 60 ಪರ್ಸೆಂಟ್. ಬಿಲ್ಲಿನಲ್ಲಿ ರಿಯಾಯಿತಿ ಕಳೆದ ಮೇಲೆ ತೆರಿಗೆ ಬೇರೆ ಸೇರಿಸಿದರೆ ಅದನ್ನೂ ಕೇಳಿ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ರಿಯಾಯಿತಿ ಬೆಲೆಯ ಮೇಲೆ ಪ್ರತ್ಯೇಕ ತೆರಿಗೆ ಹಾಕುವುದು ತಪ್ಪು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. ಆಗ ಇದ್ದದ್ದು ವ್ಯಾಟ್. ಜಿಎಸ್‌ಟಿ ಬಂದರೂ ಎಂಆರ್‌ಪಿಯ ಅರ್ಥ ಬದಲಾಗಿಲ್ಲ.

"ಹಾಗಾದರೆ ಬಡವರ ಮಕ್ಕಳು ಕಂಪನಿ ಶೂ ಹಾಕಬಾರದಾ?" ಅಂತ ಕೇಳುವವರಿದ್ದಾರೆ. ಖಂಡಿತ ಹಾಕಬೇಕು. ಕ್ಲಾಸಿನಲ್ಲಿ ಹತ್ತು ಮಂದಿಯ ನಡುವೆ ಕಾಲು ಅಡಗಿಸಿ ಕೂರುವ ಕಷ್ಟ ನಮಗೂ ಗೊತ್ತುಂಟು. ಔಟ್‌ಲೆಟ್‌ಗೆ ನಾವೂ ಹೋಗುತ್ತೇವೆ, ಒಳ್ಳೆಯ ಮಾಲು ಸಿಕ್ಕಿದ್ದೂ ಉಂಟು. ಆದರೆ ಮಾನಕ್ಕೆ ಅಂತ ಕೊಟ್ಟ ದುಡ್ಡಿಗೆ ಇಪ್ಪತ್ತು ದಿನದ ಶೂ ಸಿಕ್ಕಿದರೆ, ಹುಡುಗನಿಗೆ ನಾಚಿಕೆ ಎರಡು ಪಾಲು.

ಹಾಗಾಗಿ ಕಳೆದದ್ದು ಎಷ್ಟು ಅಂತ ನೋಡಬೇಡಿ, ಕೊಡುವುದು ಎಷ್ಟು ಅಂತ ನೋಡಿ. 1,600ಕ್ಕೆ ಬೆಳ್ತಂಗಡಿಯ ಅಂಗಡಿಯಲ್ಲಿ ಎಂಥ ಶೂ ಸಿಗುತ್ತದೆ ಅಂತ ಮೊದಲು ವಿಚಾರಿಸಿ. ಇಬ್ಬರ ಬಸ್ ಚಾರ್ಜು, ಒಂದು ದಿನದ ಕೆಲಸ ಹೋದದ್ದು, ಎಲ್ಲ ಸೇರಿಸಿ. ಊರಿನ ಅಂಗಡಿಯಲ್ಲಿ ಮಾಲು ಕೆಟ್ಟರೆ ಮರುದಿನವೇ ಹೋಗಿ ಮುಖ ನೋಡಿ ಕೇಳಬಹುದು, ಅದಕ್ಕೂ ಒಂದು ಬೆಲೆ ಉಂಟು. ಔಟ್‌ಲೆಟ್‌ಗೇ ಹೋಗುವುದಾದರೆ ಒಂದೇ ಪ್ರಶ್ನೆ ಸಾಕು: "ಇದು ಕಡಿಮೆ ಯಾಕೆ? ಹಳೆಯ ಮಾಲಾ, ಸೆಕೆಂಡ್ಸಾ, ಔಟ್‌ಲೆಟ್‌ಗೆಂದೇ ಮಾಡಿದ್ದಾ?" ಉತ್ತರ ಬಾರದಿದ್ದರೆ ಬಟ್ಟೆಯ ಹೊಲಿಗೆ ನೋಡಿ, ಶೂವಿನ ಅಡಿ ಬಗ್ಗಿಸಿ ನೋಡಿ. ಮನಸ್ಸು ಒಪ್ಪದಿದ್ದರೆ ಬಿಟ್ಟು ಬನ್ನಿ.

ನಮ್ಮ ಒತ್ತಾಯ ಸರ್ಕಾರದ ಮುಂದೆಯೂ ಉಂಟು. ಔಟ್‌ಲೆಟ್‌ಗೆಂದೇ ಮಾಡಿದ ಮಾಲಿನ ಮೇಲೆ ಹಾಗೆಂದು ಅಚ್ಚು ಹಾಕುವುದು ಕಡ್ಡಾಯವಾಗಬೇಕು. ಸೆಕೆಂಡ್ಸ್ ಆದರೆ ಸೆಕೆಂಡ್ಸ್ ಅಂತ ಬರೆಯಬೇಕು. ತುಂಡು ಗೇರುಬೀಜಕ್ಕೆ ಇರುವ ಪ್ರಾಮಾಣಿಕತೆ ದೊಡ್ಡ ಬ್ರಾಂಡುಗಳಿಗೆ ಭಾರವಾಗಬಾರದು.

ಈಗಿರುವ ಕಾನೂನೂ ಕೆಲಸಕ್ಕೆ ಬಾರದ್ದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅದೇ ತಪ್ಪು. ದೋಷವನ್ನು ಮೊದಲೇ ಹೇಳಿ ಮಾರಿದ್ದರೆ ಮಾತು ಬೇರೆ. ದೂರಿಗೆ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕೇಸು ಹಾಕುವುದಾದರೆ ಬೆಂಗಳೂರಿನಲ್ಲಿ ಕೊಂಡದ್ದಕ್ಕೂ ಬೆಂಗಳೂರಿಗೆ ಓಡಬೇಕಾಗಿಲ್ಲ. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಹಾಕಬಹುದು, ನಮಗೆ ಅದು ಮಂಗಳೂರು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಬಿಲ್ಲು ಮಾತ್ರ ಜೋಪಾನವಾಗಿಡಿ. ಶಾಯಿ ಮಾಸುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ನೆರೆಮನೆಯ ಅಕ್ಕ ದೂರು ಕೊಡಲಿಲ್ಲ. ಅಡಿಗೆ ಅಂಟು ಹಾಕಿಸಿ, ಹೊಲಿಸಿ, ಮಗ ಅದೇ ಶೂವಿನಲ್ಲಿ ವರ್ಷ ಕಳೆದ. ಆ 30 ದಿನದ ವಿಷಯ ಆಗ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಈ ಜೂನ್ ಬರುವ ಮೊದಲು ನಿಮಗೂ ಗೊತ್ತಿರಲಿ.