ಹತ್ತು ಸೆಕೆಂಡಿನ ಲೆಕ್ಕ

ಮಕ್ಕಳೇ, ಈ ವಾರದ ಪ್ರಶ್ನೆ ಅಂಚೆಯಲ್ಲಿ ಬಂದದ್ದಲ್ಲ. ನನ್ನ ಊಟದ ತಟ್ಟೆಯ ಎದುರಿನಿಂದಲೇ ಬಂತು. ದಸರಾ ರಜೆಗೆಂದು ಬೆಂಗಳೂರಿನಿಂದ ಕಲಬುರಗಿಗೆ ಬಂದಿರುವ ಮೊಮ್ಮಗಳು ಈಗ ಏಳನೇ ಕ್ಲಾಸು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ, ಅವಳು ತಾತ ಅನ್ನುತ್ತಾಳೆ. ಯಾವುದಾದರೂ ಸರಿ, ನಾನು ಓಗೊಡುತ್ತೇನೆ.

"ತಾತ, ನಿಜವಾದ ಭೂಕಂಪ ನೋಡಿದ್ದೀರಾ?"

ನೋಡಿದ್ದೇನೆ. ಕಲಬುರಗಿ, ಬೀದರ, ವಿಜಯಪುರ ಕಡೆಯ ಯಾವ ಅಜ್ಜ-ಅಜ್ಜಿಯನ್ನು ಕೇಳಿದರೂ ಬಹುತೇಕ ಎಲ್ಲರ ಬಳಿ ಈ ಕಥೆ ಒಂದಿರುತ್ತದೆ. 1993ರ ಸೆಪ್ಟೆಂಬರ್ 30, ಗುರುವಾರ, ಬೆಳಗಿನ ಜಾವ 4 ಗಂಟೆಗೆ ಇನ್ನು ನಾಲ್ಕು ನಿಮಿಷ ಇತ್ತು. ನನಗೆ ತಾರೀಖು ಮರೆಯುವುದೇ ಇಲ್ಲ, ಏಕೆಂದರೆ ಆಗ ಸೆಪ್ಟೆಂಬರ್ 30 ಎಂದರೆ ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನ. ಹಿಂದಿನ ರಾತ್ರಿ ಲೆಡ್ಜರು ತಾಳೆ ನೋಡಿ ಮನೆಗೆ ಬಂದಾಗ ಹನ್ನೊಂದಾಗಿತ್ತು. ಅಂದು ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದವರೆಲ್ಲ ದಣಿದು ಮಲಗಿದ್ದರು.

ಮೊದಲು ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲಿನ ಪಾತ್ರೆಗಳು ಕಿಣಿಕಿಣಿ ಎಂದವು. ನನ್ನ ಹೆಂಡತಿ ನಿದ್ದೆಗಣ್ಣಿನಲ್ಲೇ, "ಇಲಿ ಇರಬೇಕು ಬಿಡ್ರಿ, ನಾಳಿ ಬೋನು ಇಟ್ಟರಾತು" ಎಂದು ಮಗ್ಗುಲು ಬದಲಿಸಿದಳು. ಅಷ್ಟರಲ್ಲಿ ಮಂಚವೇ ತೂಗತೊಡಗಿತು. ಜೊತೆಗೆ ಒಂದು ಸದ್ದು, ಲಾರಿಯೊಂದು ನಡುಮನೆಯಲ್ಲೇ ಹಾದುಹೋದ ಹಾಗೆ. ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ಇಬ್ಬರು ಮಕ್ಕಳನ್ನು ಎರಡು ಕಂಕುಳಲ್ಲಿ ಅವಚಿಕೊಂಡು, ಕತ್ತಲಲ್ಲಿ ಚಿಲಕ ಹುಡುಕಿ, ಬೀದಿಗೆ ಓಡಿದೆ. ಉಳಿದ ಭಾಗವನ್ನು ಆಮೇಲೆ ಹೇಳುತ್ತೇನೆ. ಮೊದಲು ಪಾತ್ರೆಗಳ ವಿಷಯ ನೋಡೋಣ.

ಪಾತ್ರೆಗಳು ಮೊದಲು ಏಕೆ ಸದ್ದು ಮಾಡಿದವು? ಮಂಚ ಆಮೇಲೆ ಏಕೆ ಅಲುಗಿತು?

ನೆಲದೊಳಗೆ ಬಂಡೆ ಬಿರಿದು ಜಾರಿದಾಗ ಅಲ್ಲಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ. ಒಂದು ತಳ್ಳು-ಜಗ್ಗು ಅಲೆ. ವಾಡಿ ಸ್ಟೇಷನ್ನಿನಲ್ಲಿ ಇಂಜಿನ್ ಬಂದು ಬೋಗಿಗೆ ತಾಗಿದಾಗ ಧಡ್, ಧಡ್, ಧಡ್ ಎಂದು ಆ ಒದೆ ಕೊನೆಯ ಬೋಗಿಯವರೆಗೂ ಸಾಗುತ್ತದಲ್ಲ, ಹಾಗೆ. ಇದಕ್ಕೆ ಪಿ ಅಲೆ ಎನ್ನುತ್ತಾರೆ. ಇದು ಬಂಡೆಯೊಳಗೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಇನ್ನೊಂದು ಹಗ್ಗವನ್ನು ಒಂದು ತುದಿಯಲ್ಲಿ ಹಿಡಿದು ಒದರಿದಾಗ ಏಳುವಂಥ ಅಲೆ. ಅದು ಎಸ್ ಅಲೆ, ಅದರ ವೇಗ ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರ್. ಹಿಂದೆ ಬಿದ್ದರೂ ಮನೆ ಕೆಡವುವುದು ಸಾಮಾನ್ಯವಾಗಿ ಇದೇ, ಏಕೆಂದರೆ ಇದು ನೆಲವನ್ನು ಅಕ್ಕಪಕ್ಕಕ್ಕೆ ಅಲ್ಲಾಡಿಸುತ್ತದೆ. ಗೋಡೆಗೆ ಮೇಲಿನಿಂದ ಬರುವ ಭಾರ ಹೊರುವುದು ಗೊತ್ತು, ಪಕ್ಕದಿಂದ ಬರುವ ದೂಡು ತಡೆಯುವುದು ಗೊತ್ತಿಲ್ಲ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಸಿಡಿಲಿನ ದೂರ ಹೇಳುವ ಆಟ ನಿಮಗೆ ಗೊತ್ತಿರಬಹುದು. ಇದೂ ಅಂಥದ್ದೇ. ಆ ಭೂಕಂಪದ ಮೂಲ ಇದ್ದದ್ದು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಬಳಿ. ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆದರೆ ಕಲಬುರಗಿಯಿಂದ ನೇರ ಸುಮಾರು 84 ಕಿಲೋಮೀಟರ್. ಮೊಮ್ಮಗಳು ಪೆನ್ಸಿಲ್ ತಂದಳು. 84 ಭಾಗಿಸು 6, ಹದಿನಾಲ್ಕು. 84 ಭಾಗಿಸು ಮೂರೂವರೆ, ಇಪ್ಪತ್ತನಾಲ್ಕು. ಹದಿನಾಲ್ಕನೇ ಸೆಕೆಂಡಿಗೆ ಪಾತ್ರೆ, ಇಪ್ಪತ್ತನಾಲ್ಕನೇ ಸೆಕೆಂಡಿಗೆ ಮಂಚ. ನಡುವೆ ಹತ್ತು ಸೆಕೆಂಡು.

ಅವಳಿಗೆ ಲೆಕ್ಕದ ಮೇಲೆ ನಂಬಿಕೆ ಬರಲಿಲ್ಲ. ನೇರ ಅಡುಗೆಮನೆಗೆ ಹೋಗಿ, ಅಜ್ಜಿಯ ಕೈಯಲ್ಲಿ "ಇಲಿ ಇರಬೇಕು ಬಿಡ್ರಿ, ನಾಳಿ ಬೋನು ಇಟ್ಟರಾತು" ಎಂದು ನಿದ್ದೆಗಣ್ಣಿನವರ ಹಾಗೆ ಹೇಳಿಸಿ, ಮಗ್ಗುಲು ಬದಲಿಸುವ ಅಭಿನಯವನ್ನೂ ಮಾಡಿಸಿ, ಮೊಬೈಲಿನಲ್ಲಿ ಸಮಯ ಹಿಡಿದಳು. ಒಂಬತ್ತು ಸೆಕೆಂಡು! ಮೂವತ್ತು ವರ್ಷಕ್ಕೂ ಹಳೆಯ ಲೆಡ್ಜರಿನಲ್ಲಿ ಒಂದೇ ಸೆಕೆಂಡಿನ ವ್ಯತ್ಯಾಸ. ಇಂಥ ತಾಳೆ ನನಗೆ ಬ್ಯಾಂಕಿನಲ್ಲೂ ಸಿಕ್ಕಿದ್ದು ಕಡಿಮೆ.

ಜಪಾನಿನಲ್ಲಿ ಇದೇ ಅಂತರವನ್ನು ಉಪಯೋಗಿಸಿಕೊಂಡು 2007ರಿಂದ ಇಡೀ ದೇಶಕ್ಕೆ ಮುನ್ನೆಚ್ಚರಿಕೆ ಕೊಡುತ್ತಿದ್ದಾರೆ. ಮೂಲದ ಹತ್ತಿರದ ಯಂತ್ರ ಪಿ ಅಲೆಯನ್ನು ಹಿಡಿದ ಕೂಡಲೇ ದೂರದ ಊರುಗಳ ಟಿ.ವಿ., ಮೊಬೈಲುಗಳಿಗೆ ಸುದ್ದಿ ಹೋಗುತ್ತದೆ. ಆದರೆ ಮೂಲದ ನೆತ್ತಿಯ ಮೇಲೇ ಇರುವ ಊರಿಗೆ ಈ ಸೌಲಭ್ಯ ಸಿಗುವುದಿಲ್ಲ. ಅಲ್ಲಿ ಎರಡೂ ಅಲೆ ಹೆಚ್ಚುಕಡಿಮೆ ಒಟ್ಟಿಗೇ ಬಂದುಬಿಡುತ್ತವೆ. ಕಿಲ್ಲಾರಿಯವರಿಗೆ ಪಾತ್ರೆ ಕಿಣಿಕಿಣಿ ಎನ್ನುವ ಆ ಹತ್ತು ಸೆಕೆಂಡು ಇರಲಿಲ್ಲ.

"ಆದರೆ ತಾತ, ಪ್ಲೇಟುಗಳು ಡಿಕ್ಕಿ ಹೊಡೆಯುವುದು ಹಿಮಾಲಯದಲ್ಲಿ ಅಂತ ಪುಸ್ತಕದಲ್ಲಿದೆ. ಲಾತೂರು ನಡುವೆ ಇದೆಯಲ್ಲ?"

ಒಳ್ಳೆಯ ಪ್ರಶ್ನೆ. ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ, ಹಲವು ದೊಡ್ಡ ಫಲಕಗಳು. ನಮ್ಮ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದೆ. ನಿಮ್ಮ ಉಗುರು ಬೆಳೆಯುವುದಕ್ಕಿಂತ ತುಸು ಜೋರು, ಅಷ್ಟೇ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದು ಏಷ್ಯಾದ ಫಲಕಕ್ಕೆ ತಾಗಿತು. ಆ ಒತ್ತಡಕ್ಕೆ ನೆಲ ಮಡಿಚಿ ಎದ್ದದ್ದೇ ಹಿಮಾಲಯ. ತಳ್ಳಾಟ ಇನ್ನೂ ನಿಂತಿಲ್ಲ. ಈಗ ಮನೆಯಲ್ಲಿ ಹಳೆಯ ಮರದ ಮಂಚವಿದ್ದರೆ ಅದರ ಒಂದು ತುದಿಯನ್ನು ಗೋಡೆಗೆ ಒತ್ತಿ, ಇನ್ನೊಂದು ತುದಿಯಿಂದ ಬಲವಾಗಿ ತಳ್ಳಿ ನೋಡಿ. ಗೋಡೆಗೆ ತಾಗಿದ ಕಡೆ ಮಾತ್ರ ಸದ್ದು ಬರುವುದಿಲ್ಲ. ನಡುವೆ ಎಲ್ಲೋ ಸಡಿಲವಾದ ಕೀಲು ಇದ್ದರೆ ಅದೂ ಕಿರ್ ಎನ್ನುತ್ತದೆ. ಕಿಲ್ಲಾರಿ ಅಂಥ ಒಂದು ಹಳೆಯ ಕೀಲು.

ಅದು ಕಣ್ಣಿಗೆ ಕಾಣುವಂತಿರಲಿಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನಲ್ಲಿ ನೆಲ ಬಿರಿದು ಲಾವಾ ಉಕ್ಕಿ, ಪದರದ ಮೇಲೆ ಪದರ ಹರಿದು ತಣ್ಣಗಾಯಿತು. ಈಗಲೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ. ನಮ್ಮ ತೊಗರಿ ಬೆಳೆಯುವ ಎರೆಮಣ್ಣು ಆ ಕರಿಕಲ್ಲು ಸವೆದು ಆದ ಮಣ್ಣು. ಭೂಕಂಪದ ನಂತರ ಕಿಲ್ಲಾರಿಯಲ್ಲಿ ಕೊಳವೆ ಇಳಿಸಿ ನೋಡಿದಾಗ ಮೇಲೆ 300 ಮೀಟರಿಗೂ ಹೆಚ್ಚು ಕರಿಕಲ್ಲು, ಅದರ ಕೆಳಗೆ ಇನ್ನೂ ಹಳೆಯ ಬಂಡೆ ಸಿಕ್ಕಿತು. ಹಳೆಯ ಬಿರುಕುಗಳ ಮೇಲೆ ದಪ್ಪ ಜಮಖಾನೆ ಹಾಸಿದ ಹಾಗೆ. ಆಗಿನ ಭೂಕಂಪ ನಕಾಶೆಯಲ್ಲಿ ದೇಶವನ್ನು ಐದು ವಲಯಗಳಾಗಿ ಹಂಚಿದ್ದರು. ಕಿಲ್ಲಾರಿ ಇದ್ದದ್ದು ಒಂದನೆಯದರಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಭಯದ ವಲಯದಲ್ಲಿ. 2002ರಲ್ಲಿ ನಕಾಶೆ ತಿದ್ದುವಾಗ ಆ ಒಂದನೆಯ ವಲಯವನ್ನೇ ತೆಗೆದುಹಾಕಿದರು. ಅದಕ್ಕೆ ಮುಂಚೆ, 1992ರಲ್ಲಿ, ಕಿಲ್ಲಾರಿಯಲ್ಲಿ ಸಣ್ಣ ಸಣ್ಣ ನಡುಕಗಳಾಗಿದ್ದವು. ಆಮೇಲೆ ನಿಂತವು. ನಿಂತಿತಲ್ಲ ಎಂದು ಜನ ಸಮಾಧಾನಪಟ್ಟರೆ ಯಾರನ್ನು ದೂರುವುದು? ಸಣ್ಣ ನಡುಕ ದೊಡ್ಡದರ ಮುನ್ಸೂಚನೆಯೋ ಅಥವಾ ಅಷ್ಟಕ್ಕೇ ಮುಗಿಯುವುದೋ ಎಂದು ಮೊದಲೇ ಹೇಳುವ ವಿದ್ಯೆ ಇಂದಿಗೂ ಯಾರ ಬಳಿಯೂ ಇಲ್ಲ.

2021ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಹೀಗೇ ನೆಲ ನಡುಗಿ ಜನ ಮನೆಯೊಳಗೆ ಮಲಗಲು ಹೆದರಿದ್ದರು. ಅಲ್ಲಿಯ ದೊಡ್ಡ ನಡುಕದ ಅಳತೆ 4.1. ಕಿಲ್ಲಾರಿಯದು 6.2. ನಾಲ್ಕಕ್ಕೂ ಆರಕ್ಕೂ ಎರಡೇ ಅಂಕಿಯ ಅಂತರ ಎಂದು ಮೋಸ ಹೋಗಬೇಡಿ. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು. ಎರಡು ಏರಿದರೆ 32 ಗುಣಿಸು 32, ಅಂದರೆ ಸಾವಿರಕ್ಕೂ ಹೆಚ್ಚು ಪಟ್ಟು. ಚಕ್ರಬಡ್ಡಿ ಕಂಡವನು ನಾನು, ಆದರೆ ಇಂಥ ಬಡ್ಡಿ ಕಂಡಿಲ್ಲ.

ಹಾಗಿದ್ದರೂ 6.2 ಜಗತ್ತಿನ ದೊಡ್ಡ ಭೂಕಂಪಗಳ ಸಾಲಿಗೆ ಸೇರುವುದಿಲ್ಲ. ಆದರೆ ಆ ಬೆಳಗಿನ ಜಾವ ಎಂಟು-ಹತ್ತು ಸಾವಿರ ಜನ ಸತ್ತರು. ಮೂಲ ಆಳದಲ್ಲಿ ಇರಲಿಲ್ಲ ಎಂಬುದು ಒಂದು ಕಾರಣ. ಮನೆಗಳು ಇನ್ನೊಂದು. ಎರಡು-ಮೂರು ಅಡಿ ದಪ್ಪದ ಗೋಡೆ: ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಸಾಲುಗಳನ್ನು ಹಿಡಿದಿಡುವ ಉದ್ದಗಲ್ಲು ಇಲ್ಲ. ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲದಲ್ಲಿ ಸೋರಿದರೆ ಇನ್ನಷ್ಟು ಮಣ್ಣು ಹಾಕುವುದು, ಮರುವರ್ಷ ಮತ್ತಷ್ಟು. ಬೇಸಗೆಗೆ ತಂಪಾಗಿದ್ದ ಆ ಭಾರವೇ ಮಲಗಿದವರ ಮೇಲೆ ಬಿತ್ತು. ಇದನ್ನು ಪರರ ಊರಿನ ಕಥೆ ಎಂದು ಹೇಳುತ್ತಿಲ್ಲ, ನಮ್ಮ ಹಳ್ಳಿಗಳ ಮಾಳಿಗೆ ಮನೆಗಳೂ ಅಂಥವೇ. ಹಳ್ಳಿಯಲ್ಲಿ ಹಳೆಯ ಮನೆ ಇರುವ ಅಜ್ಜಂದಿರು ದಯವಿಟ್ಟು ಗಮನಿಸಿ: ಮಾಳಿಗೆಯ ಹಳೆಯ ಮಣ್ಣನ್ನು ಇಳಿಸದೆ ಹೊಸ ಮಣ್ಣು ಹಾಕಿಸಬೇಡಿ. ಹೊಸದಾಗಿ ಕಟ್ಟುವಾಗ ಬಾಗಿಲು-ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವ ಹಾಗೆ ಕಬ್ಬಿಣದ ಸರಳಿನ ಕಾಂಕ್ರೀಟ್ ಪಟ್ಟಿ ಹಾಕಿಸಿ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕಿದ ಹಾಗೆ ಅದು ನಾಲ್ಕೂ ಗೋಡೆಗಳನ್ನು ಒಂದಾಗಿ ಹಿಡಿಯುತ್ತದೆ. ಮೇಸ್ತ್ರಿ "ನಮ್ಮ ಕಡೆ ಯಾಕ್ರೀ ಅದೆಲ್ಲ" ಎನ್ನುತ್ತಾನೆ. ಅನ್ನಲಿ.

ಈಗ ಬಾಕಿ ಉಳಿಸಿದ ಭಾಗ.

ಮಕ್ಕಳನ್ನು ಅವಚಿಕೊಂಡು ಬೀದಿಗೆ ಓಡಿದೆ ಎಂದೆನಲ್ಲ. ಇಷ್ಟು ವರ್ಷ ನಾನು ಈ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಕೇಳಿದವರು ಭೇಷ್ ಎನ್ನುತ್ತಿದ್ದರು. ಮೊಮ್ಮಗಳು ಮಾತ್ರ, "ಆಗ ಮುತ್ತಜ್ಜಿ ಎಲ್ಲಿದ್ದರು?" ಎಂದಳು.

ಬೀದಿಯಲ್ಲಿ ನನ್ನ ಹೆಂಡತಿ ಕೇಳಿದ್ದೂ ಅದನ್ನೇ. "ಅತ್ತಿ ಎಲ್ಲಿ?" ದಿನಾ ನೂರರ ಕಟ್ಟುಗಳನ್ನು ಎರಡೆರಡು ಸಲ ಎಣಿಸುವ ನಾನು ಮನೆಯ ಐದು ಜನರನ್ನು ಎಣಿಸಿರಲಿಲ್ಲ. ಅವ್ವ ಒಳಕೋಣೆಯಲ್ಲಿದ್ದಳು. ಮಂಡಿನೋವು, ಒಬ್ಬಳೇ ಏಳಲು ಆಗುತ್ತಿರಲಿಲ್ಲ. ನಾನು ಮತ್ತೆ ಒಳಗೆ ಹೋಗುವಷ್ಟರಲ್ಲಿ ನೆಲ ಯಾವಾಗಲೋ ನಿಂತಿತ್ತು. ಅವ್ವ ಮಂಚದ ಮೇಲೆ ಮುದುಡಿ ಮಲಗಿ, ತಲೆದಿಂಬನ್ನು ತಲೆಯ ಮೇಲೆ ಎರಡೂ ಕೈಯಿಂದ ಒತ್ತಿಕೊಂಡಿದ್ದಳು. ನನ್ನ ಹೆಜ್ಜೆ ಕೇಳಿ ದಿಂಬು ಸರಿಸಿ, "ಹುಡುಗರು ಹೊರಗ ಅದಾರಿಲ್ಲೋ?" ಎಂದಳು. ಅಷ್ಟೇ. 2004ರಲ್ಲಿ ತೀರಿಕೊಳ್ಳುವವರೆಗೂ ಆ ರಾತ್ರಿಯ ಬಗ್ಗೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಆಮೇಲೆ ಓದಿ ತಿಳಿದದ್ದು: ಆ ಮನೆಯಲ್ಲಿ ಅಂದು ಸರಿಯಾಗಿ ನಡೆದುಕೊಂಡವಳು ಅವಳೊಬ್ಬಳೇ. ನೆಲ ಅಲುಗುವಾಗ ಓಡಬಾರದು. ಓಡುವವರ ಮೇಲೇ ಹೆಂಚು, ಗಾಜು, ಬಾಗಿಲ ಮೇಲಿನ ಗೋಡೆ ಬೀಳುವುದು. ಎಚ್ಚರವಿದ್ದರೆ ಗಟ್ಟಿ ಮೇಜಿನ ಕೆಳಗೆ ಕುಳಿತು ಅದರ ಕಾಲು ಹಿಡಿದುಕೊಳ್ಳಬೇಕು. ಹಾಸಿಗೆಯಲ್ಲಿದ್ದರೆ ಅಲ್ಲೇ ಇದ್ದು ತಲೆದಿಂಬಿನಿಂದ ತಲೆ ಮುಚ್ಚಿಕೊಳ್ಳಬೇಕು. ಅಲುಗಾಟ ನಿಂತ ಮೇಲೆ ಹೊರಗೆ. ನಮ್ಮದು ಗಟ್ಟಿ ಕಲ್ಲಿನ ಬಾಡಿಗೆ ಮನೆ, ಕಿಲ್ಲಾರಿ ದೂರವಿತ್ತು, ಬದುಕಿದೆವು. ಕಿಲ್ಲಾರಿಯ ಮಾಳಿಗೆಯ ಕೆಳಗೆ ದಿಂಬು ಏನೂ ಮಾಡುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಬೇಕಿದ್ದದ್ದು ಬೇರೆ ಗೋಡೆ.

ಮೊಮ್ಮಗಳು ಇದನ್ನೆಲ್ಲ ಕೇಳಿ ಸುಮ್ಮನೆ ಎದ್ದು ಹೋದಳು. ಬೇಸರವಾಯಿತೇನೋ ಎಂದುಕೊಂಡೆ. ನೋಡಿದರೆ ಕೋಣೆಯಿಂದ ಕೋಣೆಗೆ ತಿರುಗುತ್ತ, ಯಾರು ಎಲ್ಲಿ ಮಲಗುತ್ತಾರೆ, ಅವರ ತಲೆಯ ಮೇಲೆ ಏನಿದೆ ಎಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ಅಜ್ಜಿಯ ತಲೆಯ ಮೇಲೆ ದೇವರ ಪಟ, ಗಾಜಿನದು. ನನ್ನ ತಲೆಯ ಮೇಲಿನ ಹಲಗೆಯಲ್ಲಿ ತಗಡಿನ ಟ್ರಂಕು, ಅದರ ತುಂಬ ಹಳೆಯ ಪಾಸ್‌ಬುಕ್ಕು, ಡೈರಿಗಳು. ಹತ್ತೊಂಬತ್ತು ವರ್ಷದಿಂದ ಅದರ ಕೆಳಗೇ ಮಲಗುತ್ತಿದ್ದೇನೆ.

ನಾನೂ ಅವಳೂ ಸೇರಿ ಟ್ರಂಕು ಇಳಿಸಿದೆವು. ಪಟವನ್ನು ಎದುರು ಗೋಡೆಗೆ ಹಾಕಿದೆವು. ರಾತ್ರಿ ದೀಪ ಆರಿಸುವ ಮುಂಚೆ ಅವಳು ಬಾಗಿಲಲ್ಲಿ ನಿಂತು, "ತಾತ, ನಿಮ್ಮ ದಿಂಬು ಕೈಗೆ ಸಿಗುತ್ತಾ?" ಎಂದಳು. ಸಿಗುತ್ತದೆ ಎಂದು ಎತ್ತಿ ತೋರಿಸಿದೆ.