ಐದು ದೊಡ್ಡದೋ, ಮೂರು ದೊಡ್ಡದೋ?



2024ರ ಜೂನ್‌ನಲ್ಲಿ ಸುರಪುರದಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ನಡೆಸುವವರು. ಮಗಳು ಪಿಯುಸಿ ಮುಗಿಸಿ ಬಿ.ಸಿ.ಎ.ಗೆ ಸೇರಿದ್ದಳು, ಲ್ಯಾಪ್‌ಟಾಪ್ ಬೇಕೇಬೇಕಿತ್ತು. ಎರಡು ಈದ್ ಹಂಗಾಮಿನಲ್ಲಿ ನಿದ್ದೆಗೆಟ್ಟು ಹೊಲಿದು ಕೂಡಿಸಿದ 38 ಸಾವಿರ ರೂಪಾಯಿ ಅವರ ಕೈಯಲ್ಲಿತ್ತು. ಕಂತಿನಲ್ಲಿ ಇನ್ನೂ ದೊಡ್ಡದನ್ನೇ ಕೊಡುತ್ತೇವೆಂದು ಅಂಗಡಿಯವರು ಹೇಳಿದರೂ, ಬಡ್ಡಿಯ ಸಹವಾಸ ಬೇಡವೆಂದು ಅವರು ಒಪ್ಪಿರಲಿಲ್ಲ. ಅಂದರೆ ಕೊಳ್ಳುವುದು ಒಂದೇ ಸಲ. ತಪ್ಪಿದರೆ ಮಗಳ ಮೂರು ವರ್ಷವೂ ಅದರಲ್ಲೇ ಕಳೆಯಬೇಕು.

ಅವರು ಎರಡು ಕಡೆ ನೋಡಿ ಬಂದಿದ್ದರು. ಶಹಾಪುರದ ಅಂಗಡಿಯಲ್ಲಿ ಎ.ಎಂ.ಡಿ. ಕಂಪೆನಿಯ ರೈಝೆನ್ 5 ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. ಯಾದಗಿರಿಯ ಅಂಗಡಿಯಲ್ಲಿ ಇಂಟೆಲ್ ಕಂಪೆನಿಯ ಕೋರ್ ಐ3 ಇರುವುದು. ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಶಹಾಪುರದ ಹುಡುಗ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದ: "ಅಕ್ಕಾರ, ಮೂರಕಿಂತ ಐದು ದೊಡ್ಡದಲ್ರಿ?"

ಶಾಲೆಯ ಲೆಕ್ಕದಲ್ಲಿ ದೊಡ್ಡದೇ. ಆದರೆ ಇದು ಆ ಲೆಕ್ಕವಲ್ಲ.

ನಾನು ಅವರಿಗೆ ಹೇಳಿದ್ದು, ಸ್ಟಿಕ್ಕರಿನ ಐದು, ಮೂರು ಬಿಟ್ಟು ಅದರ ಮುಂದಿರುವ ಪೂರ್ತಿ ನಂಬರನ್ನು ಬರೆದುಕೊಂಡು ಬನ್ನಿ ಎಂದು. ಮಗಳು ಬರೆದು ತಂದಳು. ಒಂದು ರೈಝೆನ್ 5 7520ಯು. ಇನ್ನೊಂದು ಕೋರ್ ಐ3 1215ಯು. ಎರಡೂ 2022ರಲ್ಲಿ ಬಿಡುಗಡೆಯಾದವು.

ಪ್ರೊಸೆಸರನ್ನು ಕಂಪ್ಯೂಟರಿನ ಮೆದುಳು ಎನ್ನುತ್ತಾರೆ. ನನಗೇನೋ ಮದುವೆ ಮನೆಯ ಅಡುಗೆ ಬಿಡಾರವೇ ಇನ್ನೂ ಚೆನ್ನಾಗಿ ಹೊಂದುತ್ತದೆ ಅನಿಸುತ್ತದೆ. ಕೋರ್ ಎಂದರೆ ರೊಟ್ಟಿ ಬಡಿಯುವ ಹೆಂಗಸರು ಎಂದುಕೊಳ್ಳಿ. 7520ಯುವಿನಲ್ಲಿ ನಾಲ್ವರು, ನಾಲ್ವರೂ ಸಮಾನರು. 1215ಯುವಿನಲ್ಲಿ ಆರು ಮಂದಿ. ಇಬ್ಬರು ಬಹಳ ಕೈಪಳಗಿದವರು, ನಾಲ್ವರು ಸಣ್ಣಪುಟ್ಟ ಕೆಲಸ ನೋಡಿಕೊಳ್ಳುವವರು. ವೈರಸ್ ತಪಾಸಣೆ, ಅಪ್‌ಡೇಟ್‌ನಂಥ ಹಿನ್ನೆಲೆಯ ಕೆಲಸಗಳು ಈ ನಾಲ್ವರ ಪಾಲಿಗೆ ಹೋಗುತ್ತವೆ, ಮಗಳು ಮುಂದೆ ತೆರೆದಿಟ್ಟ ಕೆಲಸವನ್ನು ಆ ಇಬ್ಬರು ನೋಡಿಕೊಳ್ಳುತ್ತಾರೆ.

ಇನ್ನು ಗಿಗಾಹರ್ಟ್ಸ್. ಅದು ಕೈ ಎಷ್ಟು ಬೇಗ ಆಡುತ್ತದೆ ಎಂಬುದರ ಲೆಕ್ಕ. ಒಂದರದು ಗರಿಷ್ಠ 4.3, ಇನ್ನೊಂದರದು 4.4. ಹೆಚ್ಚುಕಡಿಮೆ ಒಂದೇ. ಆದರೆ ನಮ್ಮ ಕಡೆ ರೊಟ್ಟಿ ಬಡಿಯುವವರನ್ನು ನೋಡಿದ್ದೀರಲ್ಲ? ಹೊಸದಾಗಿ ಕಲಿತವಳು ಪಟಪಟನೆ ನೂರು ಸಲ ಬಡಿದರೂ ಜೋಳದ ರೊಟ್ಟಿ ಅಂಚು ಒಡೆಯುತ್ತದೆ. ಪಳಗಿದ ಅಜ್ಜಿ ಅರ್ಧದಷ್ಟೇ ಬಡಿತದಲ್ಲಿ ತೆಳ್ಳಗೆ ಎಬ್ಬಿಸಿ ಹೆಂಚಿಗೆ ಹಾಕುತ್ತಾಳೆ. ಬಡಿತ ಎಣಿಸಿ ಪ್ರಯೋಜನವಿಲ್ಲ, ರೊಟ್ಟಿ ಎಣಿಸಬೇಕು. ಪ್ರೊಸೆಸರಿನಲ್ಲಿ ಈ ಪಳಗುವಿಕೆ ಬರುವುದು ಅದರ ಒಳವಿನ್ಯಾಸದಿಂದ. 7520ಯು ಮಾರುಕಟ್ಟೆಗೆ ಬಂದದ್ದು 2022ರಲ್ಲಾದರೂ ಅದರ ಕೋರ್‌ನ ವಿನ್ಯಾಸ ಝೆನ್ 2, ಅದು ಮೊದಲು ಬಂದದ್ದು 2019ರಲ್ಲಿ. 1215ಯುವಿನ ವಿನ್ಯಾಸ 2021ರದ್ದು. ಹಾಗಾಗಿ ಒಂದೇ ವೇಗದ ಬಡಿತದಲ್ಲಿ ಅದರ ದೊಡ್ಡ ಕೋರ್‌ಗಳು ಹೆಚ್ಚು ಕೆಲಸ ಮುಗಿಸುತ್ತವೆ.

ಮೂರನೆಯದು ಕ್ಯಾಶ್ ಮೆಮೊರಿ. ಒಲೆಯ ಪಕ್ಕದಲ್ಲೇ ಇರುವ ಹಿಟ್ಟಿನ ಪರಾತ ಎನ್ನಿ. ಪರಾತ ಸಣ್ಣದಾದರೆ ಮತ್ತೆ ಮತ್ತೆ ಎದ್ದು ಹಿಟ್ಟಿಗಾಗಿ ಒಳಕೋಣೆಗೆ ಹೋಗಬೇಕು. 7520ಯುವಿನ ಎಲ್3 ಕ್ಯಾಶ್ 4 ಎಂ.ಬಿ., 1215ಯುವಿನದು 10 ಎಂ.ಬಿ.

ಹೀಗೆ ನೋಡಿದರೆ 'ಮೂರು' ಗೆದ್ದಿತು, 'ಐದು' ಸೋತಿತು. ಇದರಿಂದ ಇಂಟೆಲ್ ಯಾವಾಗಲೂ ಮೇಲು ಎಂದು ದಯವಿಟ್ಟು ತಿಳಿಯಬೇಡಿ. ಅದೇ ಎ.ಎಂ.ಡಿ.ಯ ರೈಝೆನ್ 5 7530ಯು ಎಂಬುದೂ ಇದೆ. ನಂಬರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಆದರೆ ಅದರಲ್ಲಿ ಪೂರ್ಣ ಶಕ್ತಿಯ 6 ಕೋರ್, 16 ಎಂ.ಬಿ. ಕ್ಯಾಶ್. ಅದೇ ಬೆಲೆಗೆ ಅದು ಸಿಕ್ಕಿದ್ದರೆ ನಾನು ಕಣ್ಣುಮುಚ್ಚಿ ಅದನ್ನೇ ಕೊಳ್ಳಿ ಎನ್ನುತ್ತಿದ್ದೆ. ಎ.ಎಂ.ಡಿ. ತನ್ನ 7000 ಸಾಲಿನ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಗುಟ್ಟನ್ನು ಮೂರನೆಯ ಅಂಕಿಯಲ್ಲಿ ಇಟ್ಟಿತ್ತು. ಅಲ್ಲಿ 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3, 4 ಇದ್ದರೆ ಝೆನ್ 4. ಇಂಟೆಲ್ ಕೂಡ ಇದರಲ್ಲಿ ಹಿಂದೆ ಬಿದ್ದಿಲ್ಲ. 2023ರಲ್ಲಿ ಬಂದ ಅದರ ಐ3 ಎನ್305ರಲ್ಲಿ 8 ಕೋರ್ ಇವೆ, ಆದರೆ ಎಂಟೂ ಸಣ್ಣವೇ. ಪಳಗಿದ ಆ ಇಬ್ಬರು ಅದರಲ್ಲಿ ಇಲ್ಲವೇ ಇಲ್ಲ. ಸ್ಟಿಕ್ಕರಿನ ಮೇಲೆ ಮಾತ್ರ ಅದೇ ಐ3.

ಕುರ್‌ಆನಿನ 83ನೇ ಅಧ್ಯಾಯದ ಹೆಸರು ಅಲ್ ಮುತಫ್ಫಿಫೀನ್, ಅಳತೆಯಲ್ಲಿ ಕಡಿತ ಮಾಡುವವರು ಎಂದು ಅರ್ಥ. ಈ ಕಂಪೆನಿಗಳು ಸುಳ್ಳು ನಂಬರು ಹಾಕಿವೆ ಎನ್ನಲಾಗದು, ಹುಡುಕಿದರೆ ಎಲ್ಲ ವಿವರವೂ ಸಿಗುತ್ತದೆ. ಆದರೆ ನಾಲ್ಕು ಕೋರ್‌ಗೂ ಆರು ಕೋರ್‌ಗೂ ಒಂದೇ 'ಐದು' ಅಂಟಿಸುವ ಪದ್ಧತಿ ನನಗಂತೂ ಸರಿ ಕಾಣುವುದಿಲ್ಲ. ಅಂಗಡಿಯ ಹುಡುಗನನ್ನು ಬೈದು ಫಲವಿಲ್ಲ, ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ವ್ಯಾಪಾರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಬೇರೆಯೇ. ಎರಡರಲ್ಲೂ ಇದ್ದದ್ದು 8 ಜಿ.ಬಿ. ರ್‍ಯಾಮ್. 7520ಯು ಒಪ್ಪುವುದು ಎಲ್‌ಪಿ ಡಿಡಿಆರ್5 ಎಂಬ ಮೆಮೊರಿಯನ್ನು ಮಾತ್ರ. ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ನಾಳೆ ಸಾಲದೆ ಬಂದರೆ ಹೆಚ್ಚಿಸಲು ದಾರಿಯಿಲ್ಲ. 1215ಯುವಿಗೆ ಬೇಕಾದಾಗ ಬಿಚ್ಚಿ ಹಾಕುವ ಮೆಮೊರಿಯೂ ನಡೆಯುತ್ತದೆ. ಹಾಗೆಂದು ಎಲ್ಲ ಐ3 ಲ್ಯಾಪ್‌ಟಾಪಿನಲ್ಲೂ ಖಾಲಿ ಜಾಗ ಇರುತ್ತದೆ ಎಂದಲ್ಲ, ಅಂಗಡಿಯಲ್ಲೇ ನೋಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ. 'ಸ್ಲಾಟ್ಸ್ ಯೂಸ್ಡ್' ಎಂಬಲ್ಲಿ ಎರಡರಲ್ಲಿ ಒಂದು ಎಂದಿದ್ದು, ಕೆಳಗೆ 'ಸೋಡಿಮ್' ಎಂದಿದ್ದರೆ ಒಳ್ಳೆಯ ಸೂಚನೆ. 'ರೋ ಆಫ್ ಚಿಪ್ಸ್' ಎಂದಿದ್ದರೆ ಅದು ಬೆಸುಗೆ ಹಾಕಿದ್ದು. ಯಾದಗಿರಿಯ ಲ್ಯಾಪ್‌ಟಾಪಿನಲ್ಲಿ ಒಂದು ಜಾಗ ಖಾಲಿಯಿತ್ತು.

ಬ್ಯಾಟರಿಯ ಬಗ್ಗೆ ಆ ತಾಯಿ ಕೇಳಿದ್ದು ನ್ಯಾಯವೇ, ಬೇಸಿಗೆಯಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತಿದ್ದದ್ದೇ. ಎರಡೂ ಪ್ರೊಸೆಸರುಗಳ ಮೂಲ ಬಳಕೆ 15 ವಾಟ್. ಐ3 ಮಾತ್ರ ಕೆಲಸ ಹೆಚ್ಚಾದಾಗ ಸ್ವಲ್ಪ ಹೊತ್ತು 55 ವಾಟ್‌ವರೆಗೂ ಎಳೆಯಬಲ್ಲದು. ಇದರಲ್ಲಿ ರೈಝೆನ್ ಮಿತವ್ಯಯಿ ಎಂಬುದನ್ನು ಒಪ್ಪಲೇಬೇಕು. ಪೆಟ್ಟಿಗೆಯ ಮೇಲೆ ಬ್ಯಾಟರಿ ಎಷ್ಟು ವಾಟ್ ಅವರ್ ಎಂದು ಬರೆದಿರುತ್ತದೆ. 42 ಎಂದಿದ್ದು, ಇಡೀ ಲ್ಯಾಪ್‌ಟಾಪ್ ಓದು ಬರಹದ ಕೆಲಸಕ್ಕೆ 10 ವಾಟ್ ತಿಂದರೆ ನಾಲ್ಕು ಗಂಟೆ ಬಂತು. ಅಂಗಡಿಯವರು ಹೇಳುವ ಗಂಟೆಗಳಿಗಿಂತ ಈ ಭಾಗಾಕಾರ ವಾಸಿ.

ಶಾಖದ ವಿಷಯ ಒಂದು ಮಾತು. 1215ಯು 100 ಡಿಗ್ರಿ, 7520ಯು 95 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಲ್ಯಾಪ್‌ಟಾಪನ್ನು ಕೌದಿಯ ಮೇಲಿಟ್ಟು ಕೂತರೆ ಅಡಿಯ ಗಾಳಿಕಿಂಡಿ ಮುಚ್ಚಿ, ಎಷ್ಟು ಗಿಗಾಹರ್ಟ್ಸ್ ಕೊಂಡಿದ್ದರೂ ಅಷ್ಟೇ. ಮರದ ಮಣೆ ಸಾಕು.

ತಾಯಿ ಮಗಳು ಸುರಪುರದಿಂದ ಬಸ್ಸು ಹತ್ತಿ, ಶಹಾಪುರ ದಾಟಿ, ಯಾದಗಿರಿಗೆ ಹೋಗಿ ಐ3 ತಂದರು. ಹಣ ಕೊಡುವ ಮೊದಲು ಬಿಲ್ಲಿನಲ್ಲಿ ಬರೀ 'ಐ3' ಎಂದಿದ್ದುದನ್ನು ತಿದ್ದಿಸಿ, 1215ಯು ಎಂಬ ಪೂರ್ತಿ ನಂಬರನ್ನೂ ರ್‍ಯಾಮ್ ವಿವರವನ್ನೂ ಬರೆಸಿಕೊಂಡರು. ಮರುವರ್ಷ, 2025ರಲ್ಲಿ, ಖಾಲಿ ಜಾಗಕ್ಕೆ ಇನ್ನೊಂದು 8 ಜಿ.ಬಿ. ಹಾಕಿಸಿದ್ದಾರೆ. ಬಿಲ್ಲು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಬಾಬಿನ್‌ಗಳ ಕೆಳಗೆ ಇದೆಯಂತೆ.