ನಿಮ್ಮೂರಿಗೆ ಬಸ್ ಯಾಕೆ ಕಡಿಮೆ? ಫಾರ್ವರ್ಡ್ ಮೆಸೇಜ್‌ಗಳು ಹೇಳದ ಲೆಕ್ಕ

"ಹಳ್ಳಿ ಬಸ್ಸಿಗೆ ಜನರೇ ಇಲ್ಲ, ಅದಕ್ಕೇ ನಿಲ್ಲಿಸ್ತಾರೆ." "ಫ್ರೀ ಟಿಕೆಟ್ ಬಂದಮೇಲೆ ಹಳ್ಳಿಗೆ ಬಸ್ ಬಿಟ್ಟರೆ ಬರೀ ನಷ್ಟ." ಇಂಥ ಮೆಸೇಜ್‌ಗಳು ನಿಮ್ಮ ಗ್ರೂಪಿಗೂ ಬಂದಿರಬಹುದು. ಇವುಗಳಲ್ಲಿ ನಿಜ ಎಷ್ಟು?

ಮಾತು 1: "ಹಳ್ಳಿ ಬಸ್ಸು ಖಾಲಿ ಓಡುತ್ತದೆ"

ಅರ್ಧ ಸತ್ಯ. ಒಂದು ಉದಾಹರಣೆ ನೋಡಿ. 50 ಸೀಟಿನ ಬಸ್ಸು ದಿನಕ್ಕೆ 6 ಟ್ರಿಪ್ ಮಾಡುತ್ತದೆ ಎಂದುಕೊಳ್ಳಿ. ಬೆಳಿಗ್ಗೆ ಕಾಲೇಜು ಹೊತ್ತಿಗೆ 80 ಜನ, ಸಂಜೆ ವಾಪಸ್ 80 ಜನ, ಉಳಿದ ನಾಲ್ಕು ಟ್ರಿಪ್‌ಗಳಲ್ಲಿ ತಲಾ 20 ಜನ. ಒಟ್ಟು 300 ಸೀಟಿಗೆ 240 ಪ್ರಯಾಣಿಕರು. ಅಂದರೆ ಸರಾಸರಿ ಶೇ. 80. ಕಾಗದದ ಮೇಲೆ ಇನ್ನೂ 60 ಸೀಟು ಖಾಲಿ! ಆದರೆ ಆ 240 ಜನರಲ್ಲಿ 160 ಮಂದಿ, ಅಂದರೆ ಮೂವರಲ್ಲಿ ಇಬ್ಬರು, ನೂಕುನುಗ್ಗಲಿನ ಬಸ್ಸಿನಲ್ಲೇ ಹೋಗಿದ್ದಾರೆ.

ಹಾಗಾಗಿ "ಬಸ್ ಖಾಲಿ" ಎನ್ನುವ ಡಿಪೋ, "ಕಾಲಿಡಲು ಜಾಗವಿಲ್ಲ" ಎನ್ನುವ ಊರಿನವರು, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ದಿನದ ಸರಾಸರಿಯ ಬದಲು ಟ್ರಿಪ್‌ವಾರು ಲೆಕ್ಕ ನೋಡಿದರೆ ಮಾತ್ರ ಸಮಸ್ಯೆ ಕಾಣುತ್ತದೆ.

ಮಾತು 2: "ಮಧ್ಯಾಹ್ನದ ಟ್ರಿಪ್ ತೆಗೆದರೆ ಯಾರಿಗೂ ತೊಂದರೆಯಿಲ್ಲ"

ತಪ್ಪು. ಬೆಳಿಗ್ಗೆ ಆಸ್ಪತ್ರೆಗೆ ಹೋದವರು 12ಕ್ಕೆ ವಾಪಸ್ ಬರುವಂತಿದ್ದರೆ ಬಸ್ ಹತ್ತುತ್ತಾರೆ. ಸಂಜೆ 5ರವರೆಗೆ ಕಾಯಬೇಕೆಂದರೆ ಅರ್ಧ ದಿನದ ಕೂಲಿ ಹೋಯಿತು. ಅಂಥವರು ಆಟೊ ಹಿಡಿಯುತ್ತಾರೆ ಅಥವಾ ಸಾಲ ಮಾಡಿ ಬೈಕ್ ಕೊಳ್ಳುತ್ತಾರೆ. ಆಗ ಬೆಳಗಿನ ಬಸ್ಸಿನಲ್ಲೂ ಜನ ಕಡಿಮೆಯಾಗುತ್ತಾರೆ. ಜನ ಕಡಿಮೆಯಾದರೆಂದು ಇನ್ನೊಂದು ಟ್ರಿಪ್ ತೆಗೆಯುತ್ತಾರೆ.

ಇದರ ಉಲ್ಟಾ ಪರಿಣಾಮವೂ ಇದೆ. ಜನ ಹೆಚ್ಚಿದರೆ ಟ್ರಿಪ್ ಹೆಚ್ಚಿಸಬಹುದು, ಟ್ರಿಪ್ ಹೆಚ್ಚಿದರೆ ಎಲ್ಲರ ಕಾಯುವ ಸಮಯ ಇಳಿಯುತ್ತದೆ. ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ 1972ರಲ್ಲಿ ಇದನ್ನು ವಿವರಿಸಿದರು. ಸಾರ್ವಜನಿಕ ಸಾರಿಗೆಗೆ ಸರ್ಕಾರ ಹಣ ಕೊಡಬೇಕು ಎನ್ನುವುದಕ್ಕೆ ಇಂದಿಗೂ ಕೊಡುವ ಕಾರಣಗಳಲ್ಲಿ ಇದೂ ಒಂದು.

ಈ ಲೆಕ್ಕದಲ್ಲಿ ಮೊದಲು ಸೋಲುವವರು ಹೆಣ್ಣುಮಕ್ಕಳು. ಸಂಜೆ ಬಸ್ ಖಚಿತವಿಲ್ಲದಿದ್ದರೆ ಮಗನನ್ನು ಪಿಯುಸಿಗೆ ಕಳಿಸುವ ಮನೆಯೂ ಮಗಳನ್ನು ಕಳಿಸಲು ಹಿಂದೆಮುಂದೆ ನೋಡುತ್ತದೆ.

ಮಾತು 3: "ಫ್ರೀ ಟಿಕೆಟ್ ಲೆಕ್ಕಕ್ಕೇ ಬರಲ್ಲ"

ತಪ್ಪು. ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಇದರಲ್ಲಿ ಮಹಿಳೆಯರಿಗೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್‌ಗಳ ಆಧಾರದ ಮೇಲೆಯೇ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡಬೇಕು. ಆ ಹಣ ತಡವಾದರೆ ನಿಗಮಗಳಿಗೆ ಡೀಸೆಲ್, ಬಿಡಿಭಾಗ, ಹೊಸ ಬಸ್ಸುಗಳಿಗೆ ತೊಂದರೆಯಾಗುತ್ತದೆ ಎಂಬುದು ಬೇರೆ ಮಾತು. ಆದರೆ ನೀವು ಟಿಕೆಟ್ ಪಡೆಯದೆ ಕೂತರೆ ನಿಮ್ಮ ಮಾರ್ಗದಲ್ಲಿ ಒಬ್ಬ ಪ್ರಯಾಣಿಕರು ಕಡಿಮೆ ಎಂದೇ ದಾಖಲಾಗುತ್ತದೆ. ಹಾಗಾಗಿ ಶೂನ್ಯ ಟಿಕೆಟನ್ನು ಕೇಳಿ ಪಡೆಯಿರಿ.

ಮಾತು 4: "ಸಣ್ಣ ಬಸ್ ಬಿಟ್ಟರೆ ಎಲ್ಲ ಸರಿಹೋಗುತ್ತೆ"

ಕೆಲವು ಕಡೆ ಮಾತ್ರ. ಕಿರಿದಾದ ರಸ್ತೆ, ತಿರುವುಗಳಿರುವ ಮಲೆನಾಡಿನಂಥ ಕಡೆ ಮಿನಿ ಬಸ್ ಉಪಯುಕ್ತ. ಆದರೆ ಬಸ್ ಅರ್ಧವಾದರೆ ಖರ್ಚು ಅರ್ಧವಾಗುವುದಿಲ್ಲ. ಡೀಸೆಲ್ ಉಳಿಯುತ್ತದೆ, ಸಿಬ್ಬಂದಿ ಸಂಬಳ ಅಷ್ಟೇ ಇರುತ್ತದೆ. ಕಾಲೇಜು ಹೊತ್ತಿನ 80 ಜನರಿಗೆ ಅದು ಸಾಲುವುದೂ ಇಲ್ಲ.

ಹಾಗಾದರೆ ಏನು ಮಾಡಬಹುದು?

• ಸಮಯ ಹೊಂದಾಣಿಕೆ: ಒಂದೇ ಮಾರ್ಗದ ಹೈಸ್ಕೂಲು ಮತ್ತು ಕಾಲೇಜು ಒಂದು ಗಂಟೆ ಹಿಂದೆಮುಂದೆ ಶುರುವಾದರೆ, ಹತ್ತಿರದ ಊರುಗಳಿಗೆ ಅದೇ ಬಸ್ಸು ಎರಡು ಟ್ರಿಪ್ ಮಾಡಬಹುದು. ಹೊಸ ಬಸ್ ಬೇಕಿಲ್ಲ.

• ರಾತ್ರಿ ತಂಗುವ ಬಸ್: ಬಸ್ಸು ಊರಲ್ಲೇ ಉಳಿದರೆ ರಾತ್ರಿ ಡಿಪೋಗೆ ಖಾಲಿ ಹೋಗಿ ಬೆಳಿಗ್ಗೆ ಖಾಲಿ ಬರುವ ಓಟ ತಪ್ಪುತ್ತದೆ, ಬೆಳಗಿನ ಮೊದಲ ಟ್ರಿಪ್ ಸಮಯಕ್ಕೆ ಹೊರಡುತ್ತದೆ. ಆದರೆ ಚಾಲಕ, ನಿರ್ವಾಹಕರಿಗೆ ಮಲಗಲು ಕೋಣೆ, ನೀರು, ಶೌಚಾಲಯ ಬೇಕು. ಇದರಲ್ಲಿ ಗ್ರಾಮ ಪಂಚಾಯಿತಿ ಕೈಜೋಡಿಸಬಹುದು.

• ಕೂಡುವ ಸಮಯ: ಪ್ರತಿ ಹಳ್ಳಿಯಿಂದ ನೇರ ಜಿಲ್ಲಾ ಕೇಂದ್ರಕ್ಕೆ ಬಸ್ ಬಿಡುವುದು ಕಷ್ಟ. ಹೋಬಳಿಗೆ ಬರುವ ಬಸ್ಸು ಮುಂದಿನ ಬಸ್ಸಿಗೆ ಹತ್ತು ನಿಮಿಷ ಮೊದಲು ತಲುಪಿದರೂ ಸಾಕು.

• ನಿಲ್ದಾಣದಲ್ಲಿ ವೇಳಾಪಟ್ಟಿ: ಬಸ್ ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತಿದ್ದರೆ ಎರಡೇ ಬಸ್ಸಿದ್ದರೂ ಜನ ನಂಬಿ ಬರುತ್ತಾರೆ.

ಅರ್ಜಿಯಲ್ಲಿ ಏನಿರಬೇಕು?

"ನಮ್ಮೂರಿಗೆ ಬಸ್ ಬೇಕು" ಎಂಬ ಒಂದೇ ಸಾಲಿಗಿಂತ ಲೆಕ್ಕಕ್ಕೆ ಬೆಲೆ ಹೆಚ್ಚು. ಎಷ್ಟು ವಿದ್ಯಾರ್ಥಿಗಳು, ಯಾವ ಶಾಲೆ-ಕಾಲೇಜು, ಎಷ್ಟು ಗಂಟೆಗೆ ತಲುಪಬೇಕು, ಸಂತೆ ದಿನ ಯಾವುದು, ಬಸ್ ತಿರುಗಿಸಲು ಜಾಗ ಇದೆಯೇ ಎಂದು ಬರೆಯಿರಿ. ಒಂದು ವಾರ ಬಸ್ ಬಂದ ಸಮಯ, ಹತ್ತಲಾಗದೆ ಉಳಿದವರ ಸಂಖ್ಯೆ ಗುರುತು ಹಾಕಿಕೊಂಡು ಸೇರಿಸಿ. ಅರ್ಜಿಯನ್ನು ಡಿಪೋ ವ್ಯವಸ್ಥಾಪಕರಿಗೆ ಕೊಡಿ, ಪ್ರತಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. ದಕ್ಷಿಣ ಕನ್ನಡ, ಉಡುಪಿಯಂತೆ ಖಾಸಗಿ ಬಸ್ಸುಗಳೇ ಹೆಚ್ಚಿರುವ ಕಡೆ ಮಾರ್ಗದ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಪರ್ಮಿಟ್ ಇದ್ದೂ ಟ್ರಿಪ್ ಓಡಿಸದಿದ್ದರೆ ಅಲ್ಲಿಗೆ ದೂರು ಕೊಡಬಹುದು.

ಮುಂದಿನ ಸಲ "ಹಳ್ಳಿ ಬಸ್ ಬರೀ ನಷ್ಟ" ಎಂಬ ಮೆಸೇಜ್ ಬಂದರೆ, ಯಾವ ಟ್ರಿಪ್, ಎಷ್ಟು ಹೊತ್ತಿಗೆ, ಎಷ್ಟು ಜನ ಎಂದು ಕೇಳಿ. ಉತ್ತರ ಬಂದರೆ ಅದನ್ನೇ ಅರ್ಜಿಗೆ ಸೇರಿಸಿ.